ಅಮೆರಿಕದಲ್ಲಿ ಪಿಎ ಕೆಲಸ ಮತ್ತು ಮುಗಿಯದ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 2016ರಲ್ಲಿ ಪರೀಕ್ಷೆ ಪಾಸಾಗಿ ಅಮೆರಿಕದಲ್ಲಿ ಪಿಎ, ಅಂದರೆ ಫಿಸಿಶಿಯನ್ ಅಸಿಸ್ಟೆಂಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ, ವಾಟ್ಸಾಪ್‌ನಲ್ಲಿ, ಊರಿಂದ ಬರುವ ಪತ್ರಗಳಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಲ್ಲೇ ಪ್ರಶ್ನೆ ಇಟ್ಟು, ನನಗೆ ಗೊತ್ತಿರುವ ಉತ್ತರ ಬರೆದಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಆಮೇಲೆ.

## ಬುಡದಿಂದ

ಪಿಎ ಅಂದ್ರೆ ಡಾಕ್ಟರಾ, ನರ್ಸಾ? ಒಂದು ಮಾತಲ್ಲಿ ಹೇಳಿ.

ಎರಡೂ ಅಲ್ಲ. ಪಿಎ ರೋಗಿಯನ್ನು ನೋಡುತ್ತಾರೆ, ಬೇಕಾದ ಪರೀಕ್ಷೆ ಮಾಡಿಸಲು ಹೇಳುತ್ತಾರೆ, ಕಾಯಿಲೆ ಏನು ಅಂತ ಹೇಳುತ್ತಾರೆ, ಔಷಧಿ ಬರೆದುಕೊಡುತ್ತಾರೆ, ಗಾಯಕ್ಕೆ ಹೊಲಿಗೆ ಹಾಕುತ್ತಾರೆ, ಆಪರೇಷನ್ನಿನಲ್ಲಿ ಸರ್ಜನ್ ಎದುರು ನಿಂತು ಕೈಜೋಡಿಸುತ್ತಾರೆ. ಓದು ಮಾಸ್ಟರ್ಸ್ ಮಟ್ಟದ್ದು, ಸುಮಾರು 27 ತಿಂಗಳು. ಮೊದಲ ಭಾಗ ತರಗತಿ, ಉಳಿದದ್ದು ಬೇರೆ ಬೇರೆ ವಿಭಾಗಗಳಲ್ಲಿ ಸುಮಾರು 2000 ಗಂಟೆ ರೋಗಿಗಳ ಜೊತೆ. ವೈದ್ಯರ ಓದು ಇದಕ್ಕಿಂತ ಉದ್ದ, ಅದರ ಮೇಲೆ ಕನಿಷ್ಠ ಮೂರು ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತರಬೇತಿ, ಬೇರೆ. ನಮಗೆ ಆ ರೆಸಿಡೆನ್ಸಿ ಇಲ್ಲ. ಅದಕ್ಕೇ ನಾವು ವೈದ್ಯರ ತಂಡದ ಒಳಗಿದ್ದು ಕೆಲಸ ಮಾಡುವುದು.

ಶುರುವಾದದ್ದು 1965ರಲ್ಲಿ, ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ಡಾ. ಯುಜೀನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡು ಪಳಗಿದ್ದ ನಾಲ್ಕು ಜನರನ್ನು ಮೊದಲ ತಂಡಕ್ಕೆ ಸೇರಿಸಿಕೊಂಡರು. ಕೈಯಲ್ಲಿ ವಿದ್ಯೆ ಇತ್ತು, ಊರಿಗೆ ಬಂದರೆ ಅದಕ್ಕೆ ತಕ್ಕ ಕೆಲಸ ಇರಲಿಲ್ಲ. ಅವರಲ್ಲಿ ಮೂವರು 1967ರ ಅಕ್ಟೋಬರ್ 6ರಂದು ಓದು ಮುಗಿಸಿ ಹೊರಬಂದರು. ಈಗ ಸರ್ಟಿಫಿಕೇಟ್ ಇರುವ ಪಿಎಗಳು 1.7 ಲಕ್ಷಕ್ಕೂ ಜಾಸ್ತಿ.

ಅಸಿಸ್ಟೆಂಟ್ ಅಂತ ಇದೆಯಲ್ಲ, ಬಿಪಿ ನೋಡಿ ರೂಮಿಗೆ ಕರ್ಕೊಂಡು ಹೋಗ್ತಾರಲ್ಲ, ಅವರಾ?

ಅವರು ಮೆಡಿಕಲ್ ಅಸಿಸ್ಟೆಂಟ್. ಅವರಿಲ್ಲದೆ ನಮ್ಮ ಕ್ಲಿನಿಕ್ ಒಂದು ಗಂಟೆಯೂ ನಡೆಯುವುದಿಲ್ಲ, ಆದರೆ ಅದು ಬೇರೆ ಕೆಲಸ. ಈ ಗೊಂದಲದಿಂದಲೇ ಪಿಎಗಳ ರಾಷ್ಟ್ರೀಯ ಸಂಘ 2021ರಲ್ಲಿ ಹೆಸರನ್ನು 'ಫಿಸಿಶಿಯನ್ ಅಸೋಸಿಯೇಟ್' ಅಂತ ಬದಲಿಸಲು ತೀರ್ಮಾನಿಸಿತು. ಸಂಘ ಹೇಳಿದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ. ರಾಜ್ಯಗಳೇ ಬದಲಿಸಬೇಕು. 2024ರಲ್ಲಿ ಆರೆಗಾನ್ ಮೊದಲು ಬದಲಿಸಿತು. ಉಳಿದ ಕಡೆ ಬ್ಯಾಡ್ಜಿನ ಮೇಲೆ ನಿಮ್ಮ ರಾಜ್ಯದ ಕಾನೂನಿನಲ್ಲಿ ಇರುವ ಹೆಸರನ್ನೇ ಹಾಕಿಕೊಳ್ಳಿ.

ಇನ್ನೊಂದು ತಮಾಷೆ. ಮಿಸೌರಿಯಲ್ಲಿ 'ಅಸಿಸ್ಟೆಂಟ್ ಫಿಸಿಶಿಯನ್' ಅಂತ ಒಂದು ಲೈಸೆನ್ಸ್ ಇದೆ, 2014ರ ಕಾನೂನು. ಅದು ಎಂಡಿ (ಇಲ್ಲಿ ಅದು ವೈದ್ಯರ ಮೂಲ ಡಿಗ್ರಿ) ಓದಿ ರೆಸಿಡೆನ್ಸಿ ಸಿಗದವರಿಗೆ. ಪದ ಹಿಂದೆ ಮುಂದೆ ಆದರೆ ವೃತ್ತಿಯೇ ಬೇರೆ!

ಬೆಂಗಳೂರಲ್ಲಿ ಎಂಬಿಬಿಎಸ್ ಮಾಡಿದೀನಿ, ಗಂಡನ ಜೊತೆ ಎಚ್4 ವೀಸಾದಲ್ಲಿ ಬಂದಿದೀನಿ. ನೇರವಾಗಿ ಪಿಎ ಪರೀಕ್ಷೆ ಬರೀಬಹುದಾ?

ಇಲ್ಲ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಉತ್ತರ ಕೇಳಿ ಬೇಜಾರಾಗುವವರೂ ಇಲ್ಲೇ ಜಾಸ್ತಿ. ಪಿಎ ಪರೀಕ್ಷೆಗೆ ಕೂರಲು ಅಮೆರಿಕದ ಮಾನ್ಯತೆ ಪಡೆದ ಪಿಎ ಕೋರ್ಸನ್ನೇ ಮುಗಿಸಿರಬೇಕು. ಎಂಬಿಬಿಎಸ್, ಎಂಡಿ, ಬಿಡಿಎಸ್, ಹತ್ತು ವರ್ಷದ ಪ್ರಾಕ್ಟೀಸು, ಯಾವುದೂ ಅದರ ಬದಲಿಗೆ ಆಗುವುದಿಲ್ಲ. ಓದಿದ ಅನಾಟಮಿ, ಫಿಸಿಯಾಲಜಿಯನ್ನೇ ಮತ್ತೆ ಇಲ್ಲಿನ ಕಾಲೇಜಿನಲ್ಲಿ ಓದಿ ಬನ್ನಿ ಅನ್ನುವ ಕೋರ್ಸುಗಳು ಬೇಕಾದಷ್ಟಿವೆ.

ಎಚ್4ನಲ್ಲಿ ಓದಬಹುದು. ಕೆಲಸಕ್ಕೆ ಮಾತ್ರ ಇಎಡಿ, ಅಂದರೆ ಕೆಲಸದ ಪರವಾನಗಿ, ಬೇಕು. ಸಾಲ ಮಾಡಿ ಎರಡೂಕಾಲು ವರ್ಷ ಓದಿ, ಆಮೇಲೆ ಇಎಡಿಗೆ ಕಾಯುತ್ತಾ ಮನೆಯಲ್ಲಿ ಕೂರುವ ಪರಿಸ್ಥಿತಿ ಬರಬಾರದು, ಹಾಗಾಗಿ ಕಾಲೇಜಿಗಿಂತ ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಹೋಗಿ ಅಂತ ನಾನು ಹೇಳುತ್ತೇನೆ. ಎಂಬಿಬಿಎಸ್ ಮುಗಿಸಿ ಹೆಚ್ಚು ವರ್ಷ ಆಗಿಲ್ಲದಿದ್ದರೆ ಯುಎಸ್‌ಎಂಎಲ್‌ಇ ಅನ್ನುವ ಇಲ್ಲಿನ ವೈದ್ಯರ ಲೈಸೆನ್ಸ್ ಪರೀಕ್ಷೆ ಬರೆದು ರೆಸಿಡೆನ್ಸಿಗೇ ಪ್ರಯತ್ನಿಸಿ. ಪಿಎ ಓದನ್ನು ಸಮಾಧಾನದ ಬಹುಮಾನ ಅಂದುಕೊಂಡು ಬಂದವರು ಇಂಟರ್‌ವ್ಯೂನಲ್ಲೇ ಸಿಕ್ಕಿಬೀಳುತ್ತಾರೆ.

ಭಾರತದಲ್ಲೇ ಪಿಎ ಬಿಎಸ್ಸಿ ಮಾಡಿದೀನಿ. ಅದು ಅಲ್ಲಿ ನಡೆಯುತ್ತಾ?

ಲೈಸೆನ್ಸಿಗೆ ನಡೆಯುವುದಿಲ್ಲ, ಮೇಲಿನ ಕಾರಣಕ್ಕೇ. ಅನುಭವಕ್ಕೆ ಮಾತ್ರ ಬೆಲೆ ಇದೆ: ಪಿಎ ಕೋರ್ಸಿಗೆ ಅರ್ಜಿ ಹಾಕುವಾಗ ರೋಗಿಗಳ ಜೊತೆ ಎಷ್ಟು ಗಂಟೆ ಕೆಲಸ ಮಾಡಿದ್ದೀರಿ ಅಂತ ಕೇಳುತ್ತಾರೆ, ಅಲ್ಲಿ ಅದನ್ನು ತೋರಿಸಬಹುದು. ಭಾರತದಲ್ಲಿ ಈ ಓದು 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್ನಿನಲ್ಲಿ, ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಅವರ ಕಾಲದಲ್ಲಿ ಶುರುವಾಯಿತು. 2021ರ ಅಲೈಡ್ ಹೆಲ್ತ್ ಕಾಯ್ದೆಯ ಪಟ್ಟಿಯಲ್ಲಿ ಈ ವೃತ್ತಿಯ ಹೆಸರೂ ಇದೆ.

ಪ್ಯಾನ್ಸ್ ಪರೀಕ್ಷೆ ಎಷ್ಟು ಕಷ್ಟ?

ಪ್ಯಾನ್ಸ್ ಅಂದರೆ ಪಿಎ ಓದು ಮುಗಿಸಿದವರು ಬರೆಯುವ, ಮೇಲೆ ಹೇಳಿದ ಪರೀಕ್ಷೆಯೇ. ಒಟ್ಟು 300 ಪ್ರಶ್ನೆ, 60ರಂತೆ ಐದು ಸುತ್ತು, ಸುತ್ತಿಗೆ ಒಂದು ಗಂಟೆ. ಅಂಕ 200ರಿಂದ 800ರ ಒಳಗೆ ಬರುತ್ತದೆ, 350 ಬಂದರೆ ಪಾಸು. ಓದು ಮುಗಿದು ಆರು ವರ್ಷದೊಳಗೆ ಆರು ಸಲ ಬರೆಯಲು ಅವಕಾಶ. ಪ್ರಶ್ನೆಗಳಿಗಿಂತ ಕಷ್ಟ ನಾಲ್ಕನೆಯ ಸುತ್ತಿನ ಹೊತ್ತಿಗೆ ಬರುವ ಸುಸ್ತು. ನಾನು ಡಬ್ಬಿಯಲ್ಲಿ ಚಿತ್ರಾನ್ನ ಒಯ್ದಿದ್ದೆ, ತಿಂದ ಮೇಲೆ ನಿದ್ದೆ ತೂಗಿತು. ಕಡಲೆಬೀಜ, ಬಾಳೆಹಣ್ಣು ಸಾಕು.

## ಕೆಲಸಕ್ಕೆ ಸೇರಿದ ಮೇಲೆ

ನೀವು ರೋಗಿ ನೋಡುವಾಗ ಡಾಕ್ಟರ್ ಪಕ್ಕದಲ್ಲೇ ನಿಂತಿರಬೇಕಾ?

ಬೇಡ. ಹೆಚ್ಚಿನ ರಾಜ್ಯಗಳಲ್ಲಿ ಪಿಎಗೂ ವೈದ್ಯರಿಗೂ ನಡುವೆ ಒಂದು ಲಿಖಿತ ಒಪ್ಪಂದ ಇರಬೇಕು, ಬೇಕಾದಾಗ ವೈದ್ಯರು ಫೋನಿನಲ್ಲಾದರೂ ಸಿಗಬೇಕು. ಎಷ್ಟು ಫೈಲಿಗೆ ಅವರ ಸಹಿ ಬೇಕು, ಒಬ್ಬ ವೈದ್ಯರ ಕೆಳಗೆ ಎಷ್ಟು ಪಿಎ ಇರಬಹುದು, ಇದೆಲ್ಲ ರಾಜ್ಯಕ್ಕೊಂದು ಥರ. ನಾರ್ತ್ ಡಕೋಟಾ 2019ರಲ್ಲೇ ಇಂಥ ಒಪ್ಪಂದದ ಕಡ್ಡಾಯವನ್ನು ಬಹುಮಟ್ಟಿಗೆ ತೆಗೆದುಹಾಕಿತು.

ಕಾನೂನು ಬಿಡಿ, ದಿನದ ಕೆಲಸದಲ್ಲಿ ನಡೆಯುವುದು ಹೀಗೆ. ಸಾಮಾನ್ಯ ಕೇಸುಗಳನ್ನು ನಾನೇ ನೋಡಿ ಕಳಿಸುತ್ತೇನೆ. ಯಾವುದೋ ಒಂದು ಸರಿಹೋಗುತ್ತಿಲ್ಲ ಅನ್ನಿಸಿದಾಗ ಕಾರಿಡಾರ್ ದಾಟಿ ಹೋಗಿ 'ಒಂದು ನಿಮಿಷ ಬರ್ತೀರಾ' ಅನ್ನುತ್ತೇನೆ. ಹೊಸ ಪಿಎಗಳು ಎಡವುವುದು ಗೊತ್ತಿಲ್ಲದ್ದರಿಂದ ಅಲ್ಲ, ಆ ಕಾರಿಡಾರ್ ದಾಟಲು ಸಂಕೋಚಪಟ್ಟು.

ಎಲ್ಲ ಮಾತ್ರೆಯನ್ನೂ ಬರೀಬಹುದಾ? ನಿದ್ದೆ ಮಾತ್ರೆ, ಜೋರು ನೋವಿನ ಮಾತ್ರೆ?

ಔಷಧಿ ಬರೆಯುವ ಅಧಿಕಾರ 50 ರಾಜ್ಯಗಳಲ್ಲೂ ಇದೆ. ಚಟ ಹಿಡಿಸುವ ಔಷಧಿಗಳಿಗೆ ಮಾತ್ರ ಬೇರೆ ಬಿಗಿ. ಅದಕ್ಕೆ ಡಿಇಎ, ಅಂದರೆ ಮಾದಕ ವಸ್ತು ನಿಯಂತ್ರಣದ ಫೆಡರಲ್ ಸಂಸ್ಥೆಯ, ನೋಂದಣಿ ಬೇಕು, ಮೂರು ವರ್ಷಕ್ಕೆ 888 ಡಾಲರ್. ಷೆಡ್ಯೂಲ್ 2ರ, ಅಂದರೆ ಚಟದ ಅಪಾಯ ಜಾಸ್ತಿ ಇರುವ ಪಟ್ಟಿಯ, ನೋವಿನ ಮಾತ್ರೆಗಳ ಬಗ್ಗೆ ರಾಜ್ಯಗಳು ತಮ್ಮದೇ ಮಿತಿ ಹಾಕಿರುತ್ತವೆ. ಜೊತೆಗೆ 2023ರ ಜೂನ್ 27ರಿಂದ, ಡಿಇಎ ನೋಂದಣಿ ಅಥವಾ ನವೀಕರಣಕ್ಕೆ ವ್ಯಸನ ಚಿಕಿತ್ಸೆಯ ಬಗ್ಗೆ 8 ಗಂಟೆಯ ತರಬೇತಿ ಆಗಿದೆ ಅಂತ ಒಪ್ಪಿಕೊಂಡು ಗುರುತು ಹಾಕಬೇಕು. ಒಂದೇ ಸಲ ಸಾಕು. ಆ ಸರ್ಟಿಫಿಕೇಟ್ ಎಸೆಯಬೇಡಿ.

ನನ್ನನ್ನು ನೋಡಿದ್ದು ಪಿಎ, ಬಿಲ್ ಬಂದಿದ್ದು ಡಾಕ್ಟರ್ ಹೆಸರಲ್ಲಿ. ಮೋಸ ಅಲ್ವಾ?

ಯಾವಾಗಲೂ ಅಲ್ಲ. 65 ದಾಟಿದವರ ಸರ್ಕಾರಿ ವಿಮೆ ಮೆಡಿಕೇರ್, ಪಿಎ ಹೆಸರಲ್ಲಿ ಬಿಲ್ ಹೋದರೆ ವೈದ್ಯರ ದರದಲ್ಲಿ ನೂರಕ್ಕೆ 85 ಭಾಗ ಕೊಡುತ್ತದೆ. ವೈದ್ಯರು ಮೊದಲೇ ರೋಗಿಯನ್ನು ನೋಡಿ ಚಿಕಿತ್ಸೆಯ ದಾರಿ ಹಾಕಿಕೊಟ್ಟಿದ್ದು, ಪಿಎ ಅದನ್ನೇ ಮುಂದುವರಿಸುತ್ತಿದ್ದು, ಆ ಹೊತ್ತಿಗೆ ವೈದ್ಯರ ಮೇಲ್ವಿಚಾರಣೆ ನಿಯಮದ ಪ್ರಕಾರ ಇದ್ದರೆ, ವೈದ್ಯರ ಹೆಸರಲ್ಲಿ ಪೂರ್ತಿ 100 ಭಾಗಕ್ಕೆ ಕಳಿಸಬಹುದು. ಹೊಸ ರೋಗಿಗೆ, ಹೊಸ ತೊಂದರೆಗೆ ಹಾಗೆ ಕಳಿಸುವಂತಿಲ್ಲ. ಕಳಿಸಿದರೆ ಆಗ ನಿಮ್ಮ ಅನುಮಾನ ಸರಿ.

ಪಿಎಗಳಿಗೆ ಒಂದು ಮಾತು: ನಿಮ್ಮ ಹೆಸರಲ್ಲಿ, ನಿಮ್ಮ ಕೆಲಸದ ಮೇಲೆ ಏನು ಬಿಲ್ ಹೋಗುತ್ತಿದೆ ಅಂತ ತಿಂಗಳಿಗೊಮ್ಮೆ ಕೇಳಿ ನೋಡಿ. 'ಅದು ಬಿಲ್ಲಿಂಗ್‌ನವರ ಕೆಲಸ' ಅಂತ ಸುಮ್ನೆ ಕೂತರೆ ತನಿಖೆ ಬಂದಾಗ ಫೈಲಿನ ಮೇಲಿರುವ ಸಹಿ ನಿಮ್ಮದೇ.

ಮೊದಲ ಕೆಲಸದ ಆಫರ್ ಬಂದಿದೆ. ಸಂಬಳ ಬಿಟ್ಟು ಇನ್ನೇನು ಕೇಳ್ಬೇಕು?

ಸಂಬಳದ ಅಂದಾಜಿಗೆ, 2023ರ ಸರ್ಕಾರಿ ಲೆಕ್ಕದಲ್ಲಿ ಪಿಎಗಳ ಮಧ್ಯಮ ವಾರ್ಷಿಕ ವೇತನ 1,30,020 ಡಾಲರ್. ಊರು, ವಿಭಾಗ ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಅದಕ್ಕಿಂತ ನಾನು ಗಮನ ಕೊಡುವುದು ಮೂರು ವಿಷಯಕ್ಕೆ.

ಮೊದಲನೆಯದು ವಿಮೆ. ಚಿಕಿತ್ಸೆಯ ಮೇಲೆ ಕೇಸು ಬಿದ್ದರೆ ಕಾಪಾಡುವ ವಿಮೆಯಲ್ಲಿ ಎರಡು ಥರ. ಒಂದು, ಘಟನೆ ನಡೆದಾಗ ವಿಮೆ ಇದ್ದರೆ ಸಾಕು. ಇನ್ನೊಂದು, ಕೇಸು ಹಾಕಿದಾಗಲೂ ವಿಮೆ ಚಾಲ್ತಿಯಲ್ಲಿರಬೇಕು. ಎರಡನೆಯದಾದರೆ ನೀವು ಕೆಲಸ ಬಿಟ್ಟ ಮೇಲಿನ ಅವಧಿಗೆ 'ಟೇಲ್' ಅನ್ನುವ ಬಾಲದ ವಿಮೆ ಬೇಕು. ಅದಕ್ಕೆ ದುಡ್ಡು ಯಾರು ಕೊಡುತ್ತಾರೆ ಅನ್ನುವುದು ಕಾಗದದಲ್ಲೇ ಬರೆದಿರಬೇಕು. ನನ್ನ ಮೊದಲ ಕೆಲಸದಲ್ಲಿ ಮ್ಯಾನೇಜರ್ 'ಅದೆಲ್ಲ ನಾವು ನೋಡ್ಕೊಳ್ತೀವಿ' ಅಂದರು, ನಾನು ತಲೆ ಆಡಿಸಿದೆ. ಬಿಡುವಾಗ ಆ ಮ್ಯಾನೇಜರೂ ಇರಲಿಲ್ಲ, ಆ ಮಾತೂ ಇರಲಿಲ್ಲ.

ಎರಡನೆಯದು ಓದಿನ ಹಣ. ಸಾಮಾನ್ಯವಾಗಿ ವರ್ಷಕ್ಕೆ ಸಿಎಂಇಗೆ, ಅಂದರೆ ಕೆಲಸಕ್ಕೆ ಸೇರಿದ ಮೇಲೂ ಮುಂದುವರಿಸುವ ಓದಿಗೆ, ಒಂದಷ್ಟು ಹಣ, ಕೆಲವು ದಿನ ರಜೆ ಕೊಡುತ್ತಾರೆ. ಲೈಸೆನ್ಸ್ ಮತ್ತು ಡಿಇಎ ಫೀ ಅದರೊಳಗೇ ಬರುತ್ತದಾ, ಬೇರೆಯಾ? ಒಳಗೇ ಅಂದರೆ ಡಿಇಎ ನವೀಕರಣದ ವರ್ಷ ಓದಿಗೆ ಬಹಳ ಉಳಿಯುವುದಿಲ್ಲ.

ಮೂರನೆಯದು, ಮೊದಲ ಆರು ತಿಂಗಳು ದಿನಕ್ಕೆ ಎಷ್ಟು ರೋಗಿ. ಇದಕ್ಕೆ ಸರಿಯಾದ ಉತ್ತರ ಕೊಡದವರ ಹತ್ತಿರ ಹೊಸಬರು ಹೋಗಬೇಡಿ.

## ಕ್ರೆಡಿಟ್ಟಿನ ಲೆಕ್ಕ

ಪಾಸಾದ ಮೇಲೂ 100 ಕ್ರೆಡಿಟ್ ಅಂತೀರಲ್ಲ, ಏನದು?

ಪಿಎ ಹೆಸರಿನ ಮುಂದೆ ಬರುವ ಪಿಎ-ಸಿಯಲ್ಲಿ ಸಿ ಅಂದರೆ ಸರ್ಟಿಫೈಡ್. ಅದನ್ನು ಕೊಡುವ ಸಂಸ್ಥೆ ಎನ್‌ಸಿಸಿಪಿಎ. ಅದನ್ನು ಉಳಿಸಿಕೊಳ್ಳಲು ಎರಡು ವರ್ಷಕ್ಕೊಮ್ಮೆ 100 ಸಿಎಂಇ ಕ್ರೆಡಿಟ್ ದಾಖಲಿಸಬೇಕು, ಫೀ ಕಟ್ಟಬೇಕು. ಇಂಥ ಐದು ಸುತ್ತು ಸೇರಿ ಹತ್ತು ವರ್ಷ, ಅದರ ಕೊನೆಯೊಳಗೆ ಮತ್ತೆ ಪರೀಕ್ಷೆ.

100ರಲ್ಲಿ ಕನಿಷ್ಠ 50 ಕೆಟಗರಿ 1 ಆಗಿರಬೇಕು. ಅಂದರೆ ಮಾನ್ಯತೆ ಇರುವ ಸಂಸ್ಥೆ ಮೊದಲೇ ಒಪ್ಪಿದ ಕಾರ್ಯಕ್ರಮ, ಕೊನೆಗೆ ಸರ್ಟಿಫಿಕೇಟ್ ಕೊಡುವಂಥದ್ದು. ವೈದ್ಯರಿಗಾಗಿ ಮಾಡಿದ ಎಎಂಎ (ಅಮೆರಿಕದ ವೈದ್ಯರ ಸಂಘ) ಕೆಟಗರಿ 1 ಕಾರ್ಯಕ್ರಮಗಳೂ ನಮಗೆ ನಡೆಯುತ್ತವೆ. ಉಳಿದ 50 ಕೆಟಗರಿ 2 ಆಗಬಹುದು. ಒಬ್ಬ ರೋಗಿಗಾಗಿ ಕೂತು ಓದಿದ ಗಂಟೆ, ಜರ್ನಲ್ ಓದಿದ ಗಂಟೆ, ಗಂಟೆಗೊಂದು ಕ್ರೆಡಿಟ್. ಬಹಳ ಜನ ಇದನ್ನು ಬರೆದಿಡುವುದೇ ಇಲ್ಲ. ಕೆಲಸ ಮಾಡಿದ ಗಂಟೆ ಮಾತ್ರ ಎರಡರಲ್ಲೂ ಬರುವುದಿಲ್ಲ.

ಡಿಸೆಂಬರ್ 31 ಮಿಸ್ ಆದ್ರೆ ಏನಾಗುತ್ತೆ?

ಅದು ಎರಡು ವರ್ಷದ ಸುತ್ತಿನ ಕೊನೆಯ ದಿನ. ಮಿಸ್ ಆದರೆ ಸರ್ಟಿಫಿಕೇಟ್ ಹೋಗುತ್ತದೆ. ಹೆಸರಿನ ಮುಂದೆ 'ಸಿ' ಹಾಕುವಂತಿಲ್ಲ, ಮತ್ತೆ ಪಡೆಯಲು ಪರೀಕ್ಷೆಯವರೆಗೂ ಹೋಗಬೇಕಾಗಬಹುದು. ಸರ್ಟಿಫಿಕೇಟ್ ಬೇರೆ, ರಾಜ್ಯದ ಲೈಸೆನ್ಸ್ ಬೇರೆ. ಮೊದಲ ಲೈಸೆನ್ಸಿಗೆ ಎಲ್ಲ ರಾಜ್ಯದಲ್ಲೂ ಪ್ಯಾನ್ಸ್ ಪಾಸಾಗಿರಬೇಕು, ಆದರೆ ನವೀಕರಣಕ್ಕೆ ಚಾಲ್ತಿ ಸರ್ಟಿಫಿಕೇಟನ್ನು ಎಲ್ಲರೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೆ 50 ಗಂಟೆ ಸಿಎಂಇ, ಇಲ್ಲವೇ ಎನ್‌ಸಿಸಿಪಿಎ ಸರ್ಟಿಫಿಕೇಟ್, ಎರಡರಲ್ಲೊಂದು ಸಾಕು. ಹಾಗಂತ ಆಸ್ಪತ್ರೆಯವರು ಸುಮ್ನೆ ಬಿಡುತ್ತಾರೆ ಅಂತ ಅಲ್ಲ, ಹೆಚ್ಚಿನವರು ಸರ್ಟಿಫಿಕೇಟ್ ಕೇಳಿಯೇ ಕೇಳುತ್ತಾರೆ.

ನಾನು 2018ರಲ್ಲಿ ಡಿಸೆಂಬರ್ 29ರ ರಾತ್ರಿ ಅಡುಗೆಮನೆ ಟೇಬಲ್ ಮೇಲೆ ಕಾಗದ ಹರಡಿಕೊಂಡು ಕೂತಿದ್ದೆ. ಒಂದು ಸಮ್ಮೇಳನದ ಸರ್ಟಿಫಿಕೇಟು ಮಗಳ ಬಣ್ಣದ ಪುಸ್ತಕದೊಳಗೆ ಸಿಕ್ಕಿತು, ಹಿಂದುಗಡೆ ಆನೆ ಬರೆದಿದ್ದಳು. ಆಮೇಲಿಂದ ಸರ್ಟಿಫಿಕೇಟ್ ಬಂದ ದಿನವೇ ಫೋನಿನಲ್ಲಿ ಫೋಟೊ ತೆಗೆದು ದಾಖಲಿಸುತ್ತೇನೆ. ಎನ್‌ಸಿಸಿಪಿಎ ಕೆಲವರನ್ನು ಆರಿಸಿ ಕಾಗದ ತೋರಿಸಿ ಅನ್ನುತ್ತದೆ. ಆನೆ ಇರುವ ಸರ್ಟಿಫಿಕೇಟೂ ನಡೆಯುತ್ತಿತ್ತೇನೋ, ಪುಣ್ಯಕ್ಕೆ ನನ್ನನ್ನು ಕೇಳಲಿಲ್ಲ.

ಖರ್ಚಿಲ್ಲದೆ ಕ್ರೆಡಿಟ್ ಮಾಡ್ಕೊಳ್ಳೋಕೆ ಆಗುತ್ತಾ?

ಆಗುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ವಾರಕ್ಕೊಮ್ಮೆ ನಡೆಯುವ ಉಪನ್ಯಾಸ, ಅಂದರೆ ಗ್ರ್ಯಾಂಡ್ ರೌಂಡ್ಸ್‌ಗೆ ಹೋಗಿ, ಸಹಿ ಹಾಕಿದರೆ ಕ್ರೆಡಿಟ್. ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಉಚಿತ ಕೋರ್ಸುಗಳಿವೆ. ಎಸಿಎಲ್‌ಎಸ್ ಅನ್ನುವ, ಹೃದಯ ನಿಂತಾಗಿನ ತುರ್ತು ಚಿಕಿತ್ಸೆಯ ತರಬೇತಿ ಹೇಗೂ ಮಾಡಲೇಬೇಕು, ಅದರ ಕ್ರೆಡಿಟ್ ಬಿಡಬೇಡಿ. ಪಿಎ ವಿದ್ಯಾರ್ಥಿಗಳಿಗೆ ಕಲಿಸಿದರೂ ಕೆಟಗರಿ 1 ಸಿಗಬಹುದು, ಅದಕ್ಕೆ ಆ ಕಾಲೇಜು ಅನುಮತಿ ಪಡೆದಿರಬೇಕು. ಔಷಧಿ ಕಂಪನಿಯವರ ಊಟದ ಭಾಷಣ ಮಾತ್ರ ಸಾಮಾನ್ಯವಾಗಿ ಕ್ರೆಡಿಟ್ಟಿಗೆ ಬರುವುದಿಲ್ಲ, ಊಟಕ್ಕೆ ಬೇಕಾದರೆ ಹೋಗಿ.

## ಇನ್ನಷ್ಟು ಒಳಗೆ

ಹತ್ತು ವರ್ಷದ ಪರೀಕ್ಷೆ ಒಂದೇ ದಿನ ಬರೆಯೋದಾ, ಮನೆಯಲ್ಲಿ ಕೂತು ಬರೆಯೋದಾ? ಯಾವುದು ಒಳ್ಳೇದು?

ಒಂದೇ ದಿನದ್ದು ಪ್ಯಾನ್‌ರೀ, 240 ಪ್ರಶ್ನೆ, ನಾಲ್ಕು ಗಂಟೆ. ಮನೆಯದ್ದು ಪ್ಯಾನ್‌ರೀ ಎಲ್‌ಎ, 2023ರಲ್ಲಿ ಶುರುವಾಯಿತು. ಹತ್ತು ವರ್ಷದ ಸುತ್ತಿನ ಏಳನೆಯ ವರ್ಷದಿಂದ ಮೂರು ತಿಂಗಳಿಗೆ 25 ಪ್ರಶ್ನೆ, ಮೂರು ವರ್ಷದಲ್ಲಿ 12 ಸುತ್ತು. ಅದರಲ್ಲಿ ಒಳ್ಳೆಯ ಎಂಟು ಸುತ್ತು ಲೆಕ್ಕಕ್ಕೆ. ಪ್ರಶ್ನೆಗೆ ಐದು ನಿಮಿಷ, ಪುಸ್ತಕ ತೆರೆಯಬಹುದು, ಇನ್ನೊಬ್ಬರನ್ನು ಕೇಳುವಂತಿಲ್ಲ. ಉತ್ತರಿಸಿದ ಕೂಡಲೇ ಸರಿಯೋ ತಪ್ಪೋ, ಯಾಕೆ ಅಂತ ಹೇಳುತ್ತದೆ. ಇದರಲ್ಲಿ ಆಗದಿದ್ದರೆ ಹತ್ತನೆಯ ವರ್ಷ ಪ್ಯಾನ್‌ರೀ ಬರೆಯಬಹುದು.

ನಾನು ಎಲ್‌ಎ ಮಾಡಿದೆ, ಮತ್ತೆ ಆರಿಸು ಅಂದರೂ ಅದನ್ನೇ ಆರಿಸುತ್ತೇನೆ. ತಪ್ಪಾದ ಉತ್ತರದ ಕಾರಣ ಆಗಲೇ ಗೊತ್ತಾಗುವುದರಿಂದ ತಲೆಯಲ್ಲಿ ಉಳಿಯುತ್ತದೆ. ಮೂರು ವರ್ಷ ಇದೊಂದು ತಲೆಯ ಮೇಲೆ ಇರುತ್ತದಲ್ಲ ಅನ್ನುವ ಕಿರಿಕಿರಿ ಸಹಿಸಲು ಆಗದವರು ಒಂದು ದಿನದಲ್ಲಿ ಮುಗಿಸಿ.

ಸಿಎಕ್ಯೂ ಮಾಡ್ಕೊಂಡ್ರೆ ಸಂಬಳ ಜಾಸ್ತಿ ಆಗುತ್ತಾ?

ಸಿಎಕ್ಯೂ ಅಂದರೆ ಒಂದು ವಿಭಾಗದಲ್ಲಿ ಅನುಭವ, ಆ ವಿಭಾಗದ್ದೇ ಸಿಎಂಇ, ಜೊತೆಗೆ ಒಂದು ಪರೀಕ್ಷೆ, ಇವಿಷ್ಟಕ್ಕೆ ಸಿಗುವ ಹೆಚ್ಚುವರಿ ಸರ್ಟಿಫಿಕೇಟ್. 2011ರಿಂದ ಇದೆ. ತುರ್ತು ಚಿಕಿತ್ಸೆ, ಮನೋವೈದ್ಯ, ಮೂಳೆ ಶಸ್ತ್ರಚಿಕಿತ್ಸೆ, ಕಿಡ್ನಿ, ಹೀಗೆ. ಕಾನೂನಿನ ಕಡ್ಡಾಯ ಅಲ್ಲ. ಸಂಬಳ ತಾನಾಗಿ ಏರುವುದಿಲ್ಲ, ಏರಿಸುತ್ತಾರಾ ಅಂತ ಮೊದಲೇ ಕೇಳಿ. ಪಿಎ ಕೆಲಸದ ದೊಡ್ಡ ಸುಖವೇ ಇನ್ನೊಂದು ಡಿಗ್ರಿ ಮಾಡದೆ ವಿಭಾಗ ಬದಲಿಸಬಹುದು ಅನ್ನುವುದು. ನೀವು ಅಲ್ಲೇ ನಿಲ್ಲುವುದು ಖಾತ್ರಿಯಾದ ಮೇಲೆ ಮಾಡಿ.

ಕ್ರೆಡಿಟ್ ತುಂಬ್ತಿದೆ, ಆದ್ರೆ ಏನೂ ಕಲಿತ ಹಾಗೆ ಅನ್ಸಲ್ಲ. ಏನ್ಮಾಡ್ಲಿ?

ನನಗೂ ಹಾಗೇ ಅನ್ನಿಸುತ್ತಿತ್ತು. ಆಗ ಒಬ್ಬ ಅಜ್ಜಿ ಬಂದರು. ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು, ಕನ್ನಡ ಕೇಳಿ ಮುಖ ಅರಳಿತು. 'ನೀನು ಡಾಕ್ಟ್ರೇನಮ್ಮಾ?' ಅಂದರು. ಪಿಎ ಅಂತ ಬಿಡಿಸಿ ಹೇಳಿದೆ. 'ಆಗಲಿ ಬಿಡು, ಕಾಲು ನೋಡು' ಅಂದರು. ಎರಡು ಪಾದವೂ ಊದಿತ್ತು. ಹೆಬ್ಬೆರಳಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು, ಕಾಲುಂಗುರ ಬಿಗಿದು ಬೆರಳಿಗೆ ಗುರುತು ಬಿದ್ದಿತ್ತು. ಕೈಚೀಲದಿಂದ ಮಾತ್ರೆಯ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದರು: ಬಿಪಿಗೆ ಆಮ್ಲೋಡಿಪಿನ್ 10 ಮಿಲಿಗ್ರಾಂ, ಪಾದದ ಊತಕ್ಕೆ ಅಂತ ಯಾರೋ ಆಮೇಲೆ ಸೇರಿಸಿದ್ದ ಮೂತ್ರ ಹೋಗಿಸುವ ಮಾತ್ರೆ. ಊತ ಇಳಿದಿರಲಿಲ್ಲ. ರಾತ್ರಿ ನಾಲ್ಕು ಸಲ ಏಳುತ್ತಿದ್ದರು, ಒಂದು ಸಲ ಬಚ್ಚಲಲ್ಲಿ ಜಾರಿದ್ದರು.

ಆಮ್ಲೋಡಿಪಿನ್ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಸಿರೆಗಳನ್ನು ಅಷ್ಟಾಗಿ ಅಲ್ಲ. ಒತ್ತಡ ಕೆಳಗೆ ಸೇರಿ ನೀರು ರಕ್ತನಾಳದಿಂದ ಹೊರಗೆ ಜಿನುಗಿ ಪಾದದಲ್ಲಿ ನಿಲ್ಲುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿ ಬಂದ ಊತ ಅಲ್ಲ, ಹಾಗಾಗಿ ಮೂತ್ರದ ಮಾತ್ರೆ ಅದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಹೃದಯ, ಕಿಡ್ನಿ, ಲಿವರ್ ಸರಿಯಿವೆ ಅಂತ ನೋಡಿಕೊಂಡು, ವೈದ್ಯರ ಜೊತೆ ಮಾತಾಡಿ, ಆಮ್ಲೋಡಿಪಿನ್ 5ಕ್ಕೆ ಇಳಿಸಿ, ಜೊತೆಗೆ ಟೆಲ್ಮಿಸಾರ್ಟಾನ್ ಇಟ್ಟು, ಮೂತ್ರದ ಮಾತ್ರೆ ನಿಲ್ಲಿಸಿದೆವು. ಮೂರು ವಾರಕ್ಕೆ ಕಾಲುಂಗುರ ಸಡಿಲವಾಗಿತ್ತು. (ನೀವಾಗಿಯೇ ಮಾತ್ರೆ ಬಿಡಬೇಡಿ. ಒಂದೇ ಕಾಲು ಊದಿದರೆ ಅದು ಬೇರೆ ಕಥೆ, ಬೇಗ ತೋರಿಸಿ.)

ಆ ರಾತ್ರಿ ನನ್ನನ್ನು ಚುಚ್ಚಿದ್ದು ಇಷ್ಟೇ: ನಾನೇ ಎಷ್ಟು ಜನಕ್ಕೆ ಹೀಗೆ ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಬರೆದಿದ್ದೇನೆ? ನನ್ನ ರೋಗಿಗಳ ಪಟ್ಟಿಯಲ್ಲಿ ಎರಡೂ ಔಷಧಿ ಇರುವವರನ್ನು ಹುಡುಕಿದೆ. ಬೆರಳೆಣಿಕೆಗಿಂತ ಜಾಸ್ತಿ ಸಿಕ್ಕರು, ಕೆಲವದ್ದರಲ್ಲಿ ಸಹಿ ನನ್ನದೇ. ಅಲ್ಲಿಂದ ನನ್ನ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇದೆ. ದಿನದಲ್ಲಿ ತಡವರಿಸಿದ ಜಾಗ ಒಂದು ಸಾಲಿನಲ್ಲಿ ಬರೆಯುತ್ತೇನೆ. ತಿಂಗಳ ಕೊನೆಗೆ ಆ ಸಾಲುಗಳನ್ನು ನೋಡಿ ಯಾವ ಕೋರ್ಸ್ ಅಂತ ಆರಿಸುತ್ತೇನೆ.

ಹೀಗೆ ನಮ್ಮದೇ ಫೈಲ್ ನೋಡಿ ಸರಿ ಮಾಡಿಕೊಂಡ್ರೆ ಅದಕ್ಕೂ ಕ್ರೆಡಿಟ್ ಇದೆಯಾ?

ಇದೆ, ಪಿಐ-ಸಿಎಂಇ ಅಂತ. ಈಗ ಹೇಗೆ ನಡೆಯುತ್ತಿದೆ ಅಂತ ಅಳೆಯುವುದು, ಬದಲಾಯಿಸುವುದು, ಮತ್ತೆ ಅಳೆಯುವುದು. ಎರಡು ವರ್ಷದ ಒಂದು ಸುತ್ತಿನಲ್ಲಿ ಇಂಥ ಮೊದಲ 20 ಕ್ರೆಡಿಟ್ಟನ್ನು ಎನ್‌ಸಿಸಿಪಿಎ ದುಪ್ಪಟ್ಟು ಮಾಡಿ ಲೆಕ್ಕ ಹಾಕುತ್ತದೆ. ನಮ್ಮನ್ನೇ ಪರೀಕ್ಷಿಸಿಕೊಳ್ಳುವ ಸೆಲ್ಫ್ ಅಸೆಸ್‌ಮೆಂಟ್ ಕೋರ್ಸುಗಳಿಗೆ ಅರ್ಧದಷ್ಟು ಹೆಚ್ಚು. ಆದರೆ ಅನುಮತಿ ಮೊದಲೇ ಪಡೆಯಬೇಕು. ಆಮ್ಲೋಡಿಪಿನ್ ಫೈಲುಗಳನ್ನು ನಾನು ಉತ್ಸಾಹದಲ್ಲಿ ಎಲ್ಲ ಮುಗಿಸಿ ಆಮೇಲೆ ಅರ್ಜಿ ನೋಡಿದೆ. ಕ್ರೆಡಿಟ್ ಸೊನ್ನೆ.

ರಜೆಗೆ ಊರಿಗೆ ಬಂದಾಗ ಹೆಲ್ತ್ ಕ್ಯಾಂಪಲ್ಲಿ ರೋಗಿ ನೋಡ್ತೀರಾ? ಅದಕ್ಕೆ ಕ್ರೆಡಿಟ್ ಬರುತ್ತಾ?

ನೋಡುವಂತಿಲ್ಲ. ನನ್ನ ಲೈಸೆನ್ಸ್ ಅಮೆರಿಕದ ಒಂದು ರಾಜ್ಯದ್ದು, ಕರ್ನಾಟಕದಲ್ಲಿ ಅದಕ್ಕೆ ಬೆಲೆ ಇಲ್ಲ. ಕಾಯಿಲೆ ಹೇಳುವುದು, ಔಷಧಿ ಬರೆಯುವುದು ಅಲ್ಲಿ ನೋಂದಾಯಿತ ವೈದ್ಯರ ಕೆಲಸ. ಹೋದ ವರ್ಷ ಕ್ಯಾಂಪಿಗೆ ಹೋಗಿ ಬಿಪಿ ನೋಡಿ ಬರೆದುಕೊಟ್ಟೆ, ಸಾಲು ನಿಭಾಯಿಸಿದೆ, ಮಾತ್ರೆಯ ಹಾಳೆಗಳನ್ನು ಓದಿ ವೈದ್ಯರಿಗೆ ಚೀಟಿ ಮಾಡಿಕೊಟ್ಟೆ. ಸಿಎಂಇ ಲೆಕ್ಕಕ್ಕೆ ಅದು ಬರುವುದಿಲ್ಲ. ಹೋಗುವ ಮೊದಲು ಹಾವು ಕಡಿತದ ಚಿಕಿತ್ಸೆಯ ಬಗ್ಗೆ ಮೂರು ಗಂಟೆ ಓದಿದ್ದೆ, ಅದನ್ನು ಕೆಟಗರಿ 2ರಲ್ಲಿ ಹಾಕಿಕೊಂಡೆ.